ಎಳೆದು ನೋಡದೆ ನಂಬದವರು

ಅವರು ಕುರ್ಚಿಯಲ್ಲಿ ಕೂರುವ ಮುಂಚೆ ಅದರ ಬೆನ್ನು ಹಿಡಿದು ಒಮ್ಮೆ ಅಲುಗಿಸುತ್ತಿದ್ದರು. ಬಾಗಿಲು ಹಾಕಿದ ಮೇಲೆ ಹಿಡಿಕೆ ಎಳೆದು ನೋಡುತ್ತಿದ್ದರು. ಸ್ವಲ್ಪ ದೂರ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಎಳೆಯುತ್ತಿದ್ದರು. ಅಂಗಡಿಯಲ್ಲಿ ಹಾಲಿನ ಪೊಟ್ಟಣ ತೆಗೆದುಕೊಳ್ಳುವಾಗ ಮುಂದಿನದನ್ನು ಬಿಟ್ಟು, ತೋಳು ಪೂರ್ತಿ ಒಳಗೆ ಚಾಚಿ ಹಿಂದಿನದನ್ನು ತೆಗೆಯುತ್ತಿದ್ದರು. ಆಮೇಲೆ ಅದರ ತಾರೀಕನ್ನೂ ನಂಬದೆ ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದರು. ಹಾಲು ಕೆಟ್ಟಿದ್ದರೆ ಸದ್ದು ಬೇರೆಯಾಗುತ್ತದೆಯೇ ಎಂದು ಕೇಳಬೇಕೆಂದು ನನಗೆ ಬಹಳ ಆಸೆಯಿತ್ತು. ಕೇಳಲಿಲ್ಲ.

ಹೋದ ವಾರ ನಿಮ್ಮಮ್ಮ ಫೋನು ಮಾಡಿ, ಅವರು ತೀರಿಕೊಂಡರು ಎಂದಳು. ನಿವೃತ್ತರಾದ ಮೇಲೆ ವೆಸ್ಟೆರಾಸ್ ಬಿಟ್ಟು ಸ್ಯಾಂಡ್‌ವಿಕೆನ್‌ನಲ್ಲಿ ಒಬ್ಬ ಗೆಳತಿಯ ಹತ್ತಿರ ಇದ್ದರಂತೆ. ಫೋನು ಇಟ್ಟ ಮೇಲೆ ನಾನು ಇಲ್ಲಿ ಗದಗಿನಲ್ಲಿ, ನನ್ನ ತಂಗಿಯ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ. ನಿಮ್ಮಿಬ್ಬರಲ್ಲಿ ಚಿಕ್ಕವನು ಅವರನ್ನು ನೋಡಿಲ್ಲ. ದೊಡ್ಡವಳಿಗೆ ನೆನಪಿರಲಾರದು, ಆಗ ನೀನು ಇನ್ನೂ ದಾಗಿಸ್‌ಗೆ, ಅಲ್ಲಿಯ ಶಿಶುವಿಹಾರಕ್ಕೆ, ಹೋಗುತ್ತಿದ್ದ ಕೂಸು. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಓದು ಹಳ್ಳಿಯ ಶಾಲೆಯದು. ತಪ್ಪಿದ್ದರೆ ನಿಮ್ಮಮ್ಮ ತಿದ್ದಿ ಓದಿ ಹೇಳಲಿ.

ಅವರ ಹೆಸರು ಬರೆಯುವುದಿಲ್ಲ. ಅದು ಅವರಿಗೆ ಸೇರುತ್ತಿರಲಿಲ್ಲ. ಸ್ವೀಡನ್ ದೇಶದಲ್ಲಿ ಯಾರ ವಯಸ್ಸು ಎಷ್ಟು, ಯಾವ ಬೀದಿಯಲ್ಲಿ ಇದ್ದಾರೆ, ಮನೆಯಲ್ಲಿ ಯಾರು ಯಾರಿದ್ದಾರೆ ಎನ್ನುವುದನ್ನೆಲ್ಲ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದಂತೆ. ಉಳಿದವರು ಅದನ್ನು ಮಾಮೂಲಿ ಎಂದು ಬಿಟ್ಟಿದ್ದರು. ಇವರು ಮಾತ್ರ ಅಷ್ಟು ವರ್ಷ ಅಲ್ಲಿದ್ದೂ ಒಪ್ಪಿರಲಿಲ್ಲ. ವೆಸ್ಟೆರಾಸ್‌ನ ಕನ್ನಡದವರೆಲ್ಲ ಅವರನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಹಿಂದೆ ಅನುಮಾನದ ಅಕ್ಕ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ಉಡುಪಿಯ ಕಡೆಯವರು. ವಿದ್ಯುತ್ತಿನ ಯಂತ್ರಗಳನ್ನು ಮಾಡುವ ಒಂದು ಕಂಪನಿಯಲ್ಲಿ ದೊಡ್ಡ ಇಂಜಿನಿಯರು. ಮದುವೆಯಾಗಿರಲಿಲ್ಲ. ಯಾರೋ ಹೆಂಗಸರು ಅದೇಕೆ ಎಂದು ಕೇಳಿದ್ದಕ್ಕೆ, ಒಪ್ಪಿಕೊಳ್ಳುವ ಮೊದಲು ಪರೀಕ್ಷೆ ಮಾಡಲು ಯಾರೂ ಬಿಡಲಿಲ್ಲ ಎಂದಿದ್ದರಂತೆ. ಎಲ್ಲರ ಮುಂದೆ ಬೆಂಗಳೂರಿನ ಕನ್ನಡ ಆಡುತ್ತಿದ್ದರು. ಕೆಲಸದಲ್ಲಿ ಮುಳುಗಿದಾಗ ಮಾತ್ರ ಅವರ ಊರು ಬಾಯಿಗೆ ಬರುತ್ತಿತ್ತು. ನಾನೂ ಅಲ್ಲಿ ನನ್ನ ಊರಿನ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಇರುತ್ತಿದ್ದೆ. ಆದರೂ ನಮ್ಮಿಬ್ಬರಿಗೆ ಮೊದಲು ಸ್ನೇಹವಾಗಲಿಲ್ಲ.

ನಾನು ಸೆಪ್ಟೆಂಬರಿನಲ್ಲಿ ಮೂರು ತಿಂಗಳ ವೀಸಾದ ಮೇಲೆ ಹೋಗಿದ್ದೆ. ನಿಮ್ಮಮ್ಮ ಆಗತಾನೆ ಮಾಲ್ಮೋದ ಒಂದು ಸಣ್ಣ ಕಂಪನಿಗೆ ಸೇರಿದ್ದಳು. ಆಫೀಸು ಅಷ್ಟು ದೂರ, ಕೆಲಸ ಮನೆಯಿಂದಲೇ. ಮೊದಲ ಆರು ತಿಂಗಳು ಪರೀಕ್ಷೆಯ ಕಾಲ. ಅವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ಹೋಗುತ್ತದೆ, ಕೆಲಸಕ್ಕೆಂದು ಕೊಟ್ಟಿದ್ದ ಪರ್ಮಿಟ್ಟಿಗೂ ತೊಂದರೆ. ಇದನ್ನು ಅವಳು ನನಗೆ ವಿಮಾನ ನಿಲ್ದಾಣದಿಂದ ಬರುವ ರೈಲಿನಲ್ಲೇ ಹೇಳಿದ್ದಳು. ಹಾಗಾಗಿ ಮನೆಯೊಳಗೆ ಒಂದು ಆಫೀಸು ಆಗಬೇಕಾಗಿತ್ತು. ಇಂಟರ್‌ನೆಟ್ಟಿನ ತಂತಿ ಮನೆಗೆ ಬರುತ್ತಿದ್ದುದು ಹೊರಬಾಗಿಲ ಪಕ್ಕದ ಒಂದು ಕಬ್ಬಿಣದ ಪೆಟ್ಟಿಗೆಗೆ. ಅವಳ ಕೆಲಸದ ಕೋಣೆ ಇನ್ನೊಂದು ತುದಿಗೆ. ನಡುವೆ ಕಾಂಕ್ರೀಟು ಗೋಡೆಗಳು. ವೈಫೈ ಕೋಣೆ ಮುಟ್ಟುವ ಹೊತ್ತಿಗೆ ಸುಸ್ತಾಗುತ್ತಿತ್ತು. ಸರಿಮಾಡಿಕೊಡಲು ಅಕ್ಕ ಬಂದರು.

ಬಂದ ದಿನವೇ ನನಗೆ ಅವರ ಮೇಲೆ ಅನುಮಾನ ಹುಟ್ಟಿತು. ಕಾಫಿ ಕೊಟ್ಟೆ, ಬೇಡ ಎಂದರು. ಚೀಲದಿಂದ ತಮ್ಮದೇ ಫ್ಲಾಸ್ಕ್ ತೆಗೆದು ನನ್ನ ಎದುರಿಗೇ ಕುಡಿದರು. ನಾನು ಏನು ಬೆರೆಸಿರುತ್ತೇನೆ ಎಂದುಕೊಂಡರೋ, ಏನು ಜಾತಿ ಎಂದುಕೊಂಡರೋ. ಒಂಟಿ ಹೆಂಗಸು, ತನ್ನ ರಜೆಯ ದಿನ ಬಿಟ್ಟು, ಪರರ ಮನೆಯ ಗೋಡೆ ತೂತು ಮಾಡಲು ಏಕೆ ಬರುತ್ತಾಳೆ ಎಂದು ನಿಮ್ಮಮ್ಮನನ್ನು ಕೇಳಿದೆ. ಅವಳು ನಕ್ಕು, ಅಕ್ಕನಿಗೆ ಇದು ಇಷ್ಟ ಅವ್ವ, ನಿನಗೆ ಹುಣಸೆಹಣ್ಣು ಬಿಡಿಸುವುದು ಇಷ್ಟವಲ್ಲವೇ ಹಾಗೆ, ಎಂದಳು. ನನಗೇನೂ ಹುಣಸೆಹಣ್ಣು ಬಿಡಿಸುವುದು ಇಷ್ಟವಲ್ಲ. ಮಾಡಬೇಕು, ಮಾಡುತ್ತೇನೆ.

ಆದರೆ ಕೆಲಸ ನೋಡಲು ಚೆನ್ನಾಗಿತ್ತು. ಕಬ್ಬಿಣದ ಪೆಟ್ಟಿಗೆಯೊಳಗೆ ಕೂತಿದ್ದ ರೌಟರನ್ನು ಮೊದಲು ಹೊರಗೆ ತೆಗೆದು, ಮುಚ್ಚಳ ಹಾಕಿದ ಪಾತ್ರೆಯೊಳಗೆ ಕೂತು ಕೂಗಿದರೆ ಯಾರಿಗೆ ಕೇಳುತ್ತದೆ ಎಂದು ನಿಮ್ಮಪ್ಪನನ್ನು ಬೈದರು. ಗೋಡೆಯ ಬುಡದ ಪಟ್ಟಿಗುಂಟ ಬಿಳಿ ತಂತಿ ಎಳೆದು ಕೋಣೆಗೆ ತಂದು ನಿಮ್ಮಮ್ಮನ ಕಂಪ್ಯೂಟರಿಗೆ ನೇರ ಸಿಕ್ಕಿಸಿದರು. ಕೆಲಸಕ್ಕೆ ತಂತಿ, ಫೋನಿಗೆ ಗಾಳಿ, ಎಂದರು. ಪ್ರತಿ ತಂತಿಯನ್ನೂ ಸಿಕ್ಕಿಸಿದ ಮೇಲೆ ಎಳೆದು ನೋಡಿದರು. ತುದಿ ಹಿಡಿದು, ಇದರ ಇನ್ನೊಂದು ತುದಿ ಎಲ್ಲಿ, ತೋರಿಸು, ಎನ್ನುವರು. ನಿಮ್ಮಪ್ಪ ಬಾಯಲ್ಲಿ ಹೇಳಿದರೆ ಆಗದು, ಅಲ್ಲಿಯವರೆಗೆ ನಡೆದು ಬೆರಳಿಟ್ಟು ತೋರಿಸಬೇಕು.

ಒಂದು ತಂತಿ ಹಜಾರಕ್ಕೆ ಹೋಗಿತ್ತು. ಅಲ್ಲಿ ಟೀವಿಯ ಪಕ್ಕದಲ್ಲಿ, ಬಟ್ಟೆ ಇಳಿಬಿಟ್ಟ ಮೇಜಿನ ಮೇಲೆ, ದೇವರ ಮಂಟಪ. ತಂತಿ ಮಂಟಪದ ಈ ಕಡೆ ಒಳಗೆ ಹೋಗಿ ಆ ಕಡೆ ಹೊರಗೆ ಬಂದು ಟೀವಿ ಸೇರುತ್ತಿತ್ತು. ಅದು ಟೀವಿಯದ್ದು, ನಾನೇ ಹಾಕಿದ್ದು ಅಕ್ಕ, ಎಂದ ನಿಮ್ಮಪ್ಪ.

"ಇಲ್ಲಿ ಒಳಗೆ ಹೋಯ್ತು, ಅಲ್ಲಿ ಹೊರಗೆ ಬಂತು. ನಡುವೆ ಏನಾಗುತ್ತೆ?" ಎಂದು ಅಕ್ಕ ಕೇಳಿದರು.

"ನಡುವೆ ದೇವ್ರು ಅಕ್ಕ."

ಅಕ್ಕ ದೇವರನ್ನು ನೋಡಿದರು, ಅಲ್ಲೇ ನಿಂತಿದ್ದ ನನ್ನನ್ನು ನೋಡಿದರು, ಚಾಚಿದ್ದ ಕೈ ಹಿಂದೆ ತೆಗೆದುಕೊಂಡರು. ಸ್ನಾನ ಮಾಡದೆ ಮಂಟಪ ಮುಟ್ಟುವ ಪದ್ಧತಿ ಅವರ ಮನೆಯಲ್ಲೂ ಇದ್ದಿರಲಾರದು. ಹೋಗುವಾಗ ಬಾಗಿಲಲ್ಲಿ ನಿಂತು ಆ ಕಡೆ ಇನ್ನೊಮ್ಮೆ ನೋಡಿದ್ದು ಮಾತ್ರ ನನಗೆ ನೆನಪಿದೆ. ನಮ್ಮ ದೇವರನ್ನೂ ನಂಬುವುದಿಲ್ಲವಲ್ಲ ಈಕೆ ಎಂದುಕೊಂಡೆ.

ಅಕ್ಟೋಬರಿನ ಕೊನೆಯವರೆಗೂ ಎಲ್ಲ ಸರಿಯಿತ್ತು. ಆಮೇಲೆ ನಿಮ್ಮಮ್ಮನ ಮೀಟಿಂಗುಗಳು ನಡುವೆಯೇ ಕಡಿದು ಬೀಳತೊಡಗಿದವು. ಮಾಲ್ಮೋದ ಮ್ಯಾನೇಜರಮ್ಮ ಪರದೆಯ ಮೇಲೆ ಬಾಯಿ ತೆರೆದವಳು ತೆರೆದ ಹಾಗೇ ನಿಂತುಬಿಡುತ್ತಿದ್ದಳು. ಬೆಳಿಗ್ಗೆ ಎಲ್ಲ ಸರಿ, ಮಧ್ಯಾಹ್ನದ ಮೇಲೆ ಕೆಡುವುದು. ಇಂಟರ್‌ನೆಟ್ಟಿನ ಕಂಪನಿಗೆ ಫೋನು ಮಾಡಿದರೆ ತಮ್ಮ ಕಡೆ ಏನೂ ತಪ್ಪಿಲ್ಲ ಎಂದರು. ನಿಮ್ಮಮ್ಮ ಮೊದಲ ಸಲ ಕ್ಷಮೆ ಕೇಳಿದಾಗ ಮ್ಯಾನೇಜರಮ್ಮ ನಕ್ಕಳಂತೆ. ಆಮೇಲಾಮೇಲೆ ನಗಲಿಲ್ಲವಂತೆ. ಆರು ತಿಂಗಳು ತುಂಬುವವರೆಗೂ ಕಾಯದೆ, ಡಿಸೆಂಬರಿನ ಮೊದಲ ಸೋಮವಾರ ಮಧ್ಯಾಹ್ನವೇ, ಅವಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಮಾತಾಡುವ ಮೀಟಿಂಗು ಎಂದು ಗೊತ್ತಾಯಿತು.

ಮನೆಯಲ್ಲಿ ಹಗಲು ಇರುತ್ತಿದ್ದವರು ಇಬ್ಬರು. ಕೋಣೆಯೊಳಗೆ ನಿಮ್ಮಮ್ಮ, ಹೊರಗೆ ನಾನು. ನಿಮ್ಮಪ್ಪ ಸಂಜೆ ಬಂದವನು ಪೆಟ್ಟಿಗೆಗಳನ್ನೆಲ್ಲ ನೋಡಿ, ಅತ್ತೆ, ಇಲ್ಲಿ ಏನಾದ್ರೂ ಒರೆಸಿದ್ರಾ, ಎಂದು ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ. ಮರುದಿನ, ಈ ಪ್ಲಗ್ ಏನಾದ್ರೂ ತೆಗೆದಿದ್ರಾ. ಇಲ್ಲ. ಅವನು ಮರ್ಯಾದೆ ಬಿಟ್ಟು ಮಾತಾಡಿದವನಲ್ಲ. ಈಗಲೂ ಅವನನ್ನು ನಾನು ಒಳ್ಳೆಯವನೆಂದೇ ಹೇಳುತ್ತೇನೆ. ಆದರೆ ಕೇಳುವ ಮಾತು ದಿನದಿನಕ್ಕೆ ಮೆತ್ತಗಾಗುತ್ತಿತ್ತು, ಮಕ್ಕಳನ್ನು ಕೇಳುವ ಹಾಗೆ. ಒಂದು ದಿನ ಅಡುಗೆಮನೆಯಲ್ಲಿ ಅವನು ನಿಮ್ಮಮ್ಮನಿಗೆ ಹೇಳಿದ್ದು ಕಿವಿಗೆ ಬಿತ್ತು. ವಯಸ್ಸಾಗಿದೆ ಪಾಪ, ಗೊತ್ತಿಲ್ಲದೆ ಮುಟ್ತಿರ್ತಾರೆ, ನಿನ್ ಡೆಲಿವರಿಗೆ ಬೇರೆ ಏನಾದ್ರೂ ಅರೇಂಜ್ ಮಾಡೋಣ. ನಿಮ್ಮಮ್ಮ ನಲ್ಲಿ ತಿರುಗಿಸಿ ಪಾತ್ರೆ ತೊಳೆಯುವ ಸದ್ದಷ್ಟೇ ಬಂತು. ಚಿಕ್ಕವನೇ, ನೀನಾಗ ಹೊಟ್ಟೆಯಲ್ಲಿದ್ದೆ. ನಿನ್ನ ಬಾಣಂತನಕ್ಕೆ ಮತ್ತೆ ಬರಬೇಕೆಂದೇ ನಾನು ಜೀವ ಹಿಡಿದುಕೊಂಡಿದ್ದೆ.

ಬಸ್ ಕಂಡಕ್ಟರಾಗಿದ್ದ ನಿಮ್ಮಜ್ಜ ಹೇಳುತ್ತಿದ್ದರು, ಅನುಮಾನ ಬಂದರೆ ಕೇಳಿಬಿಡು, ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅದು ಮೊಟ್ಟೆ ಇಡುತ್ತದೆ ಎಂದು. ನನಗೆ ಕೇಳಲು ಬಾಯಿ ಬರಲಿಲ್ಲ. ಅಳಿಯನ ಎದುರು ನಿಂತು ನಾನೇನು ಮಾಡಿದ್ದೇನೆ ಎಂದು ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಅಂದಿನಿಂದ ನಾನು ಮನೆಯಲ್ಲಿ ಕೈಕಟ್ಟಿಕೊಂಡು ಓಡಾಡತೊಡಗಿದೆ. ಅಡುಗೆಮನೆಯ ದೀಪ ಬಿಟ್ಟು ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ದೇವರ ದೀಪವನ್ನೂ ಹಾಕಲಿಲ್ಲ. ಎಣ್ಣೆಯ ದೀಪ ಹಚ್ಚಿದರೆ ಹೊಗೆಯ ಗಂಟೆ ಕೂಗಿಕೊಳ್ಳುತ್ತದೆಂದು ಆ ಮನೆಯಲ್ಲಿ ಮಂಟಪಕ್ಕೆ ಕರೆಂಟಿನ ದೀಪದ ಸರವೇ ಇತ್ತು. ಮೇಜಿನ ಕೆಳಗಿನ ಬೋರ್ಡಿನಲ್ಲಿ ಒಂದು ಕೆಂಪು ಸ್ವಿಚ್ಚು ಒತ್ತಿದರೆ ಹತ್ತುತ್ತಿತ್ತು. ಕೈ ಮಾತ್ರ ಮುಗಿದು ಸುಮ್ಮನಾದೆ.

ಆ ವಾರ ಒಂದು ಮೀಟಿಂಗೂ ಕೆಡಲಿಲ್ಲ.

ನಿಮ್ಮಪ್ಪನ ಮುಖದಲ್ಲಿ ಲೆಕ್ಕ ಸರಿಹೋದವರ ನೆಮ್ಮದಿ ಇತ್ತು. ನಾನೂ ನನ್ನನ್ನು ಅನುಮಾನಿಸತೊಡಗಿದೆ. ಹಿಂದಿನ ದಿನಗಳಲ್ಲಿ ಎಲ್ಲಿ ಕೈ ಇಟ್ಟಿದ್ದೆ, ಯಾವ ತಂತಿಯನ್ನು ಕಾಲಿನಿಂದ ತಳ್ಳಿದ್ದೆ ಎಂದು ಹಾಸಿಗೆಯಲ್ಲಿ ಮಲಗಿ ಹುಡುಕುತ್ತಿದ್ದೆ.

ಸರಿಹೋಯಿತು ಎಂದು ಸಂತೋಷದಿಂದ ನಿಮ್ಮಮ್ಮ ಅಕ್ಕನಿಗೆ ಫೋನು ಮಾಡಿದಳು. ಅವರಿಗೆ ಸಂತೋಷವಾಗಲಿಲ್ಲ. ಏನು ಮಾಡಿದಿರಿ ಸರಿಹೋಗಲು, ಎಂದು ಕೇಳಿದರಂತೆ. ಏನೂ ಇಲ್ಲ, ತಾನಾಗಿ. ಹಾಗಾದರೆ ಅದು ಸರಿಹೋಗಿಲ್ಲ, ಎಂದರಂತೆ. ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಬಂದೇಬಿಟ್ಟರು. ನಿಮ್ಮಪ್ಪನೂ ಬೇಗ ಬಂದಿದ್ದ.

ಅಂದು ಅವರು ತಂತಿ ಮುಟ್ಟಲಿಲ್ಲ, ನಮ್ಮನ್ನು ವಿಚಾರಿಸಿದರು. ದೊಡ್ಡವಳೇ, ಮೊದಲು ನಿನ್ನನ್ನು. ನೆಲದ ಮೇಲೆ ಕೂತು ಸ್ವೀಡಿಷಿನಲ್ಲಿ ಏನೋ ಕೇಳಿದರು, ನೀನು ತಲೆ ಅಲ್ಲಾಡಿಸಿ ಇಲ್ಲ ಎಂದೆ. ನಿನ್ನ ಆಟದ ಪೆಟ್ಟಿಗೆ ಬಗ್ಗಿಸಿ ನೋಡಿದ ಮೇಲೆ ನಂಬಿದರು. ಆಮೇಲೆ ನಿಮ್ಮಮ್ಮನನ್ನು, ಯಾವ ಯಾವ ದಿನ ಯಾವ ಹೊತ್ತಿಗೆ ಕಡಿಯಿತು ಎಂದು. ಶುರುವಿನಲ್ಲಿ ನಾಲ್ಕು ಗಂಟೆಯ ಮೇಲೆ, ಈಚೆಗೆ ಮೂರಕ್ಕೇ, ಎಂದಳು. ಅಕ್ಕ ಕಣ್ಣು ಕಿರಿದು ಮಾಡಿ ಕಿಟಕಿಯ ಕಡೆ ನೋಡುತ್ತಾ ಕೂತರು. ಶುರುವಾದದ್ದು ಗಡಿಯಾರ ಹಿಂದಕ್ಕೆ ತಿರುಗಿಸಿದ ವಾರದಿಂದಲೇ ಅಲ್ಲವೇ, ಎಂದು ಕೇಳಿದರು. ಹೌದು, ಆ ವಾರದಿಂದಲೇ. ಆ ದೇಶದಲ್ಲಿ ಚಳಿಗಾಲ ಬರುವಾಗ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಆಮೇಲೆ ಹೊತ್ತು ಮುಳುಗುವುದು ಆಫೀಸಿನ ವೇಳೆಯಲ್ಲೇ. ದಿನದಿನಕ್ಕೂ ಇನ್ನಷ್ಟು ಬೇಗ.

ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮ, ಕತ್ತಲಾಗುವ ಹೊತ್ತಿಗೆ ನೀವು ಏನು ಮಾಡ್ತೀರಿ?"

ಪೊಲೀಸರು ಕೇಳುವ ಹಾಗೆ ಕೇಳಿದರು. ನಿಮ್ಮಪ್ಪ ಹೇಳಿಕೊಟ್ಟಿದ್ದಾನೆ, ನನ್ನ ಬಾಯಿಂದಲೇ ಹೊರಡಿಸಲು ಬಂದಿದ್ದಾರೆ, ಎಂದೇ ತಿಳಿದೆ.

"ನಾ ಏನೂ ಮುಟ್ಟಿಲ್ರೀ," ಎಂದೆ.

"ಮುಟ್ಟಿದ್ರಾ ಅಂತ ಕೇಳ್ಲಿಲ್ಲ. ಏನು ಮಾಡ್ತೀರಿ ಅಂದೆ."

"ಏನ್ ಮಾಡ್ತೀನ್ರೀ, ಮುಖ ತೊಳಕೊಂಡು ದೀಪಾ ಹಚ್ತೀನಿ. ಈ ವಾರ ಅದೂ ಇಲ್ಲ."

"ಈ ವಾರ ಯಾಕಿಲ್ಲ?"

ನಿಮ್ಮಪ್ಪ ನೆಲ ನೋಡಿದ. ಅಕ್ಕ ಅವನನ್ನು ನೋಡಿ, ನನ್ನನ್ನು ನೋಡಿ, ಎದ್ದು ನಿಂತರು. ನಿಮ್ಮಮ್ಮನನ್ನು ಕೋಣೆಗೆ ಕಳಿಸಿ ಯಾರಾದರೂ ಗೆಳತಿಯ ಜೊತೆ ಪರದೆಯ ಮೇಲೆ ಮಾತಾಡುತ್ತಾ ಇರು ಎಂದರು. ಹೊರಗೆ ಕತ್ತಲಾಗುತ್ತಾ ಬಂದಿತ್ತು. ಹಚ್ಚಿ, ಎಂದರು ನನಗೆ. ನಾನು ನಿಮ್ಮಪ್ಪನ ಮುಖ ನೋಡಿದೆ. ಅವರ ಮುಖ ಯಾಕೆ ನೋಡ್ತೀರಿ, ದಿನಾ ಮಾಡೋ ಹಾಗೆ ಮಾಡಿ, ಎಂದರು. ಮುಖ ತೊಳೆದು ಬಂದು, ಬಗ್ಗಿ, ಕೆಂಪು ಸ್ವಿಚ್ಚು ಒತ್ತಿದೆ. ಮಂಟಪ ಬೆಳಗಿತು. ಕೈ ಮುಗಿದು ಕಣ್ಣು ತೆರೆಯುವ ಮುಂಚೆಯೇ ಕೋಣೆಯಿಂದ ನಿಮ್ಮಮ್ಮನ ದನಿ ಬಂತು. ಹೋಯ್ತು ಅಕ್ಕ, ಎಂದು.

ಆ ಕ್ಷಣ ನಿಮ್ಮಪ್ಪ ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ. ನಾನೇ. ದೇವರಿಗೆ ದೀಪ ಹಚ್ಚಿ ಮಗಳ ಅನ್ನ ಕಳೆಯುತ್ತಿದ್ದವಳು ನಾನೇ.

ಅಕ್ಕ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದರು. ಮುಟ್ಟಬಹುದಾ ಅಮ್ಮ, ಎಂದು ನನ್ನನ್ನು ಕೇಳಿದರು. ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ನನ್ನನ್ನು ಒಬ್ಬರು ಅಪ್ಪಣೆ ಕೇಳಿದ್ದು ಅದು. ತಲೆ ಆಡಿಸಿದೆ. ನೆಲದ ಮೇಲೆ ಮಲಗಿ, ಇಳಿಬಿಟ್ಟ ಬಟ್ಟೆ ಎತ್ತಿ, ಮೇಜಿನ ಕೆಳಗೆ ತಲೆ ಹಾಕಿದರು. ಒಳಗಿಂದ ಅವರ ಊರಿನ ಮಾತು ಬಂತು.

"ಇದೆಂತದು ಮಾರಾಯ್ರೆ ಇಲ್ಲಿ ಕೂತದ್ದು?"

ಹೊರಗೆ ಬಂದಾಗ ಕೈಯಲ್ಲಿ ಧೂಳು ಮೆತ್ತಿದ ಒಂದು ಕರಿಯ ಪೆಟ್ಟಿಗೆ. ಬಾಲದಂತೆ ತಂತಿಗಳು, ಹಸಿರು ದೀಪ ಮಿಣುಕುತ್ತಿತ್ತು. ಅದನ್ನು ತಂದು ಊಟದ ಮೇಜಿನ ಮೇಲೆ ನಿಮ್ಮಪ್ಪನ ಮುಂದೆ ಇಟ್ಟು, ಇದು ಯಾರದ್ದು, ಎಂದರು.

ಹಳೆಯ ರೌಟರು. ಹಿಂದಿನ ಮನೆಯಲ್ಲಿದ್ದದ್ದು. ಚೆನ್ನಾಗಿದೆಯಲ್ಲ, ಎಸೆಯುವುದೇಕೆ ಎಂದು, ಈ ಮನೆಗೆ ಬಂದ ಹೊಸದರಲ್ಲಿ ನಿಮ್ಮಪ್ಪನೇ ಟೀವಿಗೆಂದು ಅಲ್ಲಿ ಕೂರಿಸಿದ್ದ. ಪ್ಲಗ್ಗಿಗೆ ಬೇರೆ ಜಾಗವಿಲ್ಲದೆ ದೇವರ ದೀಪದ ಬೋರ್ಡಿಗೇ ಸಿಕ್ಕಿಸಿದ್ದ. ಆಮೇಲೆ ಹೊಸದು ತಂದ, ಇದನ್ನು ಮರೆತ. ನಾನು ಸ್ವಿಚ್ಚು ಒತ್ತಿದಾಗೆಲ್ಲ ದೇವರ ಜೊತೆ ಅದೂ ಎಚ್ಚರವಾಗುತ್ತಿತ್ತು. ಗಡಿಯಾರ ಹಿಂದಿಡುವ ಮೊದಲು ದೀಪ ಹಚ್ಚುವ ಹೊತ್ತಿಗೆ ಆಫೀಸು ಮುಗಿದಿರುತ್ತಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಹಳೆಯದು, ಹೊಸದು ಎರಡೂ ಒಂದೇ ಕಂಪನಿಯವು, ಎರಡಕ್ಕೂ ಒಂದೇ ಮನೆ ನಂಬರು, ಎರಡೂ ನಾನೇ ಯಜಮಾನ ಅನ್ನುತ್ತವೆ, ಕಂಪ್ಯೂಟರು ಯಾರ ಮಾತು ಕೇಳಬೇಕು, ಎಂದು ಅಕ್ಕ ನನಗೆ ಬಿಡಿಸಿ ಹೇಳಿದರು. ಅದು ನನಗೆ ಚೆನ್ನಾಗಿ ತಿಳಿಯಿತು. ಕೂಡುಕುಟುಂಬದಲ್ಲಿ ಬಾಳಿದವಳು ನಾನು.

ನಿಮ್ಮಪ್ಪ ಬಹಳ ಹೊತ್ತು ಆ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ನಂದೇ ಅಕ್ಕ, ಎಂದ. ನನ್ನ ಕಡೆ ನೋಡಲಿಲ್ಲ.

ಸೋಮವಾರ ಬಂತು. ನಿಮ್ಮಮ್ಮ ಒಳ್ಳೆಯ ಅಂಗಿ ಹಾಕಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿಮ್ಮಪ್ಪ ಅಂದು ಕೆಲಸಕ್ಕೆ ಹೋಗದೆ ಹಜಾರದಲ್ಲೇ ಕೂತಿದ್ದ. ಪೆಟ್ಟಿಗೆ ತೆಗೆದಾಗಿದೆ, ಎಲ್ಲರಿಗೂ ಗೊತ್ತು. ಆದರೂ ಕತ್ತಲಾಗುತ್ತಾ ಬಂದಂತೆ ನಾನು ಅಡುಗೆಮನೆಯಲ್ಲಿ ಒಗೆದ ಬಟ್ಟೆಯನ್ನೇ ಮಡಚುತ್ತಾ ಕೂತೆ. ಅವನೂ, ದೀಪ ಹಚ್ಚಿ ಅತ್ತೆ, ಎನ್ನಲಿಲ್ಲ. ಹಚ್ಚಬೇಡಿ ಎಂದೂ ಅನ್ನಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕಾಯುತ್ತಿದ್ದೆವು.

ಬಾಗಿಲ ಗಂಟೆ ಸದ್ದಾಯಿತು. ಅಕ್ಕ. ಕೋಟಿನ ಮೇಲೆ ಹಿಮ, ಕೆಲಸದಿಂದ ನೇರ ಬಂದಿದ್ದರು. ಬಾಗಿಲಲ್ಲೇ ಬೂಟು ಬಿಟ್ಟು, ಹಜಾರಕ್ಕೆ ಬಂದು, ಕತ್ತಲಲ್ಲಿದ್ದ ಮಂಟಪ ನೋಡಿದರು. ಯಾಕೆ, ಎಂದು ಕೇಳಿದರು. ಇವತ್ತು ಒಂದು ದಿನ ಬ್ಯಾಡ್ರೀ, ಮೀಟಿಂಗ್ ಮುಗೀಲಿ, ಎಂದೆ ನಾನು.

ಅವರು ದನಿ ತಗ್ಗಿಸಿ ಹೇಳಿದರು, ಆದರೆ ನಿಮ್ಮಪ್ಪನಿಗೂ ಕೇಳಲಿ ಎಂದೇ ಹೇಳಿದರು. "ಇವತ್ತು ಹಚ್ಚದೆ ಅವಳ ಕೆಲಸ ಉಳಿದ್ರೆ, ಅತ್ತೆ ಕೈ ಕಟ್ಟಿ ಕೂತದ್ದಕ್ಕೆ ಉಳೀತು ಅಂತಾಗುತ್ತೆ. ಇನ್ನು ಈ ಮನೇಲಿ ಏನು ಕೆಟ್ರೂ ನಿಮ್ಮ ಕೈಯೇ. ಹಚ್ಚಿ."

"ಕೆಟ್ಟರ?"

"ಕೆಟ್ರೆ ನಾನು ಇನ್ನೂ ಏನೋ ನೋಡಿಲ್ಲ ಅಂತ ಆಯ್ತು. ನಿಮ್ದಲ್ಲ."

ನಾನು ನಿಮ್ಮಪ್ಪನ ಕಡೆ ನೋಡಿದೆ. ಅವನು ಎದ್ದ. ಮಂಟಪದ ಮುಂದೆ ಬಂದು ಬಗ್ಗಿ ಇಳಿಬಿಟ್ಟ ಬಟ್ಟೆಯನ್ನು ಒಂದು ಕಡೆ ಎತ್ತಿ ಹಿಡಿದ, ನನಗೆ ಸ್ವಿಚ್ಚು ಕಾಣುವ ಹಾಗೆ. ನಾನು ಕೂತು ಕೆಂಪು ಸ್ವಿಚ್ಚು ಒತ್ತಿದೆ.

ಮೂವರೂ ಕೋಣೆಯ ಬಾಗಿಲ ಕಡೆ ಕಿವಿ ಕೊಟ್ಟು ನಿಂತೆವು. ಒಳಗೆ ನಿಮ್ಮಮ್ಮನ ಮಾತು ಕೇಳುತ್ತಿತ್ತು. ನಡುವೆ ನಿಂತಿತು. ನಾನು ಕಣ್ಣು ಮುಚ್ಚಿದೆ. ಆಮೇಲೆ ಆ ಕಡೆಯ ಹೆಂಗಸಿನ ನಗು, ನಿಮ್ಮಮ್ಮನ ನಗು, ಮತ್ತೆ ಮಾತು. ಅಕ್ಕ ಮಾತ್ರ ನಂಬಲಿಲ್ಲ. ಸನ್ನೆ ಮಾಡಿ ದೀಪ ಆರಿಸಿ ಎಂದರು. ಆರಿಸಿದೆ. ಮತ್ತೆ ಹಚ್ಚಿ ಎಂದರು. ಹಚ್ಚಿದೆ. ಒಳಗಿನ ಮಾತು ಕಡಿಯಲಿಲ್ಲ. ಆಗ ಅವರು ಮೆಲ್ಲಗೆ ಕೋಟಿನ ಗುಂಡಿ ಬಿಚ್ಚಿದರು.

ನಿಮ್ಮಮ್ಮನ ಕೆಲಸ ಉಳಿಯಿತು. ವಸಂತದಲ್ಲಿ ಬಾಣಂತನಕ್ಕೆ ಬರಬೇಕೆಂದು ನನ್ನ ಟಿಕೆಟ್ಟು ತೆಗೆಸಿದವನು ನಿಮ್ಮಪ್ಪ. ಅಕ್ಕ ನನ್ನನ್ನು ನಂಬಿದ್ದರು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಹಾಗೆ ಯಾರನ್ನೂ ಅವರು ನಂಬಿದವರಲ್ಲ. ಮನೆಯಲ್ಲಿ ಎಲ್ಲರಿಗೂ ನನ್ನ ಮೇಲೆ ಅನುಮಾನವಿತ್ತು. ಅವರಿಗೂ ಇತ್ತು. ಅವರೊಬ್ಬರು ಮಾತ್ರ ನೆಲದ ಮೇಲೆ ಮಲಗಿ ನೋಡಿದರು.